ಅಟ್ಟದ ಗಿಟಾರಿಗೆ ವಾರ್ನಿಶ್ ಹೊಡೆಸಬೇಡಿ

ಹೋದ ಮಳೆಗಾಲದಲ್ಲಿ ತೀರ್ಥಹಳ್ಳಿ ಕಡೆಯ ಹುಡುಗನೊಬ್ಬ ಶಿವಮೊಗ್ಗದ ನನ್ನ ರಿಪೇರಿ ಅಂಗಡಿಗೆ ಒಂದು ಗಿಟಾರ್ ತಂದಿದ್ದ. ಅವನ ಅಜ್ಜ ಮುಂಬೈಯಲ್ಲಿ ಕೊಂಡದ್ದು, ಹೊರದೇಶದ ಮಾಲು. ಚೀಲ ಬಿಚ್ಚಿದರೆ ಆಯುಧಪೂಜೆಗೆ ತೊಳೆದ ಬೈಕಿನ ಹಾಗೆ ಫಳಫಳ. "ಆಚಾರ್ರ ಹತ್ರ ಉಜ್ಜಿಸಿ ವಾರ್ನಿಶ್ ಹೊಡೆಸಿದೆ ಸಾರ್, ಒಳ್ಳೇ ರೇಟು ಬರ್ಲಿ ಅಂತ." ತಂತಿ ಕಟ್ಟುವ ಬ್ರಿಡ್ಜಿನ ಅಂಚಲ್ಲಿ ವಾರ್ನಿಶ್ ಹನಿಯೊಂದು ಗಟ್ಟಿಯಾಗಿತ್ತು. ಅದರೊಳಗೆ ಒಂದು ಸೊಳ್ಳೆ.

ನಾನು ಸುಮ್ನೆ ಟೀ ತರಿಸಿದೆ. ಇನ್ನೇನು ಮಾಡೋದು? ವರ್ಷಕ್ಕೆ ನಾಲ್ಕೈದು ಸಲ ಇದೇ ಕತೆ.

1958ರಿಂದ 1960ರ ತನಕ ಅಮೆರಿಕದ ಗಿಬ್ಸನ್ ಕಂಪನಿ ಕೆಂಪು-ಹಳದಿ ಬಣ್ಣದ ಲೆಸ್ ಪಾಲ್ ಗಿಟಾರ್ ಮಾಡಿತು. ಆಗ ಅಷ್ಟೇನೂ ಓಡಲಿಲ್ಲ. 1,500ರ ಆಸುಪಾಸು ಮಾಡಿ ಆಕಾರವನ್ನೇ ಬದಲಿಸಿದರು. ಆಮೇಲೆ ಇಂಗ್ಲೆಂಡಿನ ಗಿಟಾರ್ ವಾದಕ ಎರಿಕ್ ಕ್ಲಾಪ್ಟನ್ ಥರದವರು ನುಡಿಸಿದ ಮೇಲೆ ಎಲ್ಲರಿಗೂ ಅದೇ ಬೇಕಾಯಿತು. ಈಗ ಒಂದೊಂದರ ಬೆಲೆ ಕೋಟಿ ದಾಟುತ್ತೆ. ಆ ಕೆಂಪು ಬಣ್ಣ ಬೆಳಕಿಗೆ ಬೇಗ ಮಾಸುವಂಥದ್ದು. ಒಂದು ಗಿಟಾರ್ ಜೇನಿನ ಬಣ್ಣಕ್ಕೆ ತಿರುಗಿತು, ಇನ್ನೊಂದು ನಿಂಬೆ ಹಳದಿಗೆ. ಸಂಗ್ರಹ ಮಾಡುವವರು ದುಡ್ಡು ಸುರಿಯೋದು ಆ ಮಾಸಿದ ಬಣ್ಣಕ್ಕೇ. ನಾವು ಉಜ್ಜಿ ತೆಗೆಯೋದೂ ಅದನ್ನೇ!

ಗೊತ್ತಾಗಲ್ಲ ಅಂದ್ಕೋಬೇಡಿ. ಕತ್ತಲಲ್ಲಿ ಅತಿನೇರಳೆ ದೀಪ ಹಿಡಿದರೆ ಹಳೇ ಲ್ಯಾಕರ್, ಅಂದರೆ ಕಂಪನಿಯವರೇ ಹೊಡೆದ ಮೆರುಗು, ಹಸಿರುಹಸಿರಾಗಿ ಹೊಳೆಯುತ್ತೆ, ಮೇಲೆ ಬಳಿದದ್ದು ಬೇರೆಯೇ ಕಾಣುತ್ತೆ. ಒಳಗಿನ ಬೆಸುಗೆ, ಸ್ಕ್ರೂ ಎಲ್ಲ ಮೊದಲಿನವೇನಾ ಅಂತ ಕೊಳ್ಳುವವರು ಬಿಚ್ಚಿ ನೋಡುತ್ತಾರೆ. ಬಣ್ಣ ಮತ್ತೆ ಹೊಡೆದಿದ್ದರೆ ಬೆಲೆ ಸಾಮಾನ್ಯವಾಗಿ ಅರ್ಧಕ್ಕೆ ಇಳಿಯುತ್ತೆ, ಕೆಲಸ ಎಷ್ಟೇ ನಯವಾಗಿರಲಿ.

"ಇದು ಬೀಟೆ ಮರ, ನಮ್ಮ ಕಾಡಿಂದೇ" ಅಂತಲೂ ಕೆಲವರು ಬರುತ್ತಾರೆ. ಬೀಟೆ, ಅಂದರೆ ನಮ್ಮ ರೋಸ್‌ವುಡ್, ಒಳ್ಳೆಯದೇ, ಸುಳ್ಳಲ್ಲ. ಅಮೆರಿಕದ ಇನ್ನೊಂದು ಗಿಟಾರ್ ಕಂಪನಿ ಮಾರ್ಟಿನ್ 1969ರಿಂದ ಬ್ರೆಜಿಲಿನ ರೋಸ್‌ವುಡ್ ಬಿಟ್ಟು ನಮ್ಮ ದೇಶದ್ದಕ್ಕೇ ಬಂತು. ಆದರೆ ಬೆಲೆ ಜಾಸ್ತಿ ಇರೋದು ಅದಕ್ಕೂ ಹಿಂದಿನವಕ್ಕೆ. ಆ ಬ್ರೆಜಿಲ್ ಮರದ ವ್ಯಾಪಾರಕ್ಕೆ 1992ರಿಂದ ಕಟ್ಟುನಿಟ್ಟು ಬಂದಿದೆ, ಇನ್ನು ಸಿಗೋದು ಕಷ್ಟ.

ಹಳೇದೆಲ್ಲ ಚಿನ್ನ ಅಂತ ನಾನು ಹೇಳ್ತಿಲ್ಲ. ಬಹಳಷ್ಟಕ್ಕೆ ರಿಪೇರಿ ಖರ್ಚೂ ಹುಟ್ಟೋದಿಲ್ಲ. ನಾನು ಬೆಲೆ ಕಟ್ಟುವವನೂ ಅಲ್ಲ. ನಮ್ಮ ಮಳೆಗೆ ಅಂಟು ಬಿಟ್ಟಿದ್ದರೆ, ಕುತ್ತಿಗೆ ಬಾಗಿದ್ದರೆ ಖಂಡಿತ ಸರಿ ಮಾಡಿಸಿ. ಬೂಸ್ಟು ಹಿಡಿದಿದ್ದರೆ ಒಣಬಟ್ಟೆಯಲ್ಲಿ ಒರೆಸಿ. ಅಷ್ಟು ಸಾಕು.

ಟೀ ಕುಡಿಯುವಾಗ ಗಮನಿಸಿದೆ, ತಂತಿ ಬಿಗಿಯುವ ಕೀಗಳೂ ಹೊಸವು. ಹಳೇವೆಲ್ಲಿ ಅಂದೆ. "ತುಕ್ಕು ಹಿಡಿದಿದ್ವು ಸಾರ್, ಗುಜರಿಗೆ ಹಾಕಿದೆ." ಟೀ ಅಲ್ಲೇ ಇಡು, ಮೊದಲು ಗುಜರಿ ಅಂಗಡಿಗೆ ಓಡು ಅಂದೆ. ಮಾರನೇ ದಿನ ಫೋನ್ ಬಂತು. ಆರರಲ್ಲಿ ನಾಲ್ಕು ಸಿಕ್ಕಿವೆಯಂತೆ.