ಹಳೆಯ ಪಥದ ಮೇಲೆ ಹೊಸ ವೇಗ

ಮನರಂಜನಾ ಸವಾರಿಯೊಂದರ ವಿನ್ಯಾಸ ಪರಿಶೀಲನೆಗೆ ಬಂದಾಗ ನಾನು ಮೊದಲು ನೋಡುವುದು ಬಂಡಿಯನ್ನಲ್ಲ, ತಿರುವುಗಳನ್ನು. ಕಾರಣ ಕೇಳಿದವರಿಗೆ ಕ್ಯಾಲಿಫೋರ್ನಿಯಾದ ಡಿಸ್ನಿಲ್ಯಾಂಡಿನಲ್ಲಿ 1998ರ ಮೇ ತಿಂಗಳಲ್ಲಿ ಆರಂಭವಾಗಿ ಎರಡೂವರೆ ವರ್ಷವೂ ಬಾಳದ ‘ರಾಕೆಟ್ ರಾಡ್ಸ್’ ಸವಾರಿಯ ಕಥೆ ಹೇಳುತ್ತೇನೆ.

ಅಲ್ಲಿನ ಟುಮಾರೋಲ್ಯಾಂಡ್ ವಿಭಾಗದಲ್ಲಿ 1967ರಿಂದ 1995ರವರೆಗೆ ಪೀಪಲ್‌ಮೂವರ್ ಎಂಬ ನಿಧಾನಗತಿಯ ಸವಾರಿ ಇತ್ತು. ಕಂಬಗಳ ಮೇಲೆ ಹಾದು, ಬೇರೆ ಸವಾರಿಗಳ ಕಟ್ಟಡಗಳೊಳಗೂ ನುಸುಳುತ್ತಿದ್ದ ಆ ಪಥವನ್ನು ಸುತ್ತಲು ಸುಮಾರು 16 ನಿಮಿಷ ಹಿಡಿಯುತ್ತಿತ್ತು. 1992ರಲ್ಲಿ ತೆರೆದ ಪ್ಯಾರಿಸ್ಸಿನ ಡಿಸ್ನಿ ಮನರಂಜನಾ ಉದ್ಯಾನ ಭಾರಿ ನಷ್ಟ ಕಂಡ ಮೇಲೆ ಕಂಪನಿಯ ಕೈ ಬಿಗಿಯಾಯಿತು; ಟುಮಾರೋಲ್ಯಾಂಡಿನ ನವೀಕರಣಕ್ಕೆ ರೂಪಿಸಿದ್ದ ದೊಡ್ಡ ಯೋಜನೆಯನ್ನು ಕೈಬಿಟ್ಟು, ಇದ್ದ ಪಥದ ಮೇಲೆಯೇ ಗಂಟೆಗೆ ಸುಮಾರು 55 ಕಿ.ಮೀ. ವೇಗದ ಬಂಡಿಗಳನ್ನು ಓಡಿಸುವುದೆಂದು ತೀರ್ಮಾನವಾಯಿತು.

ತಿರುವಿನಲ್ಲಿ ಬಂಡಿಯ ಮೇಲೆ ಬೀಳುವ ಅಡ್ಡಬಲ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ: ವೇಗ ಐದು ಪಟ್ಟಾದರೆ ಬಲ 25 ಪಟ್ಟು. ಹೆದ್ದಾರಿಯ ತಿರುವಿನಲ್ಲಿ ಹೊರ ಅಂಚನ್ನು ಎತ್ತರಿಸುವುದು ಈ ಬಲದ ಬಹುಪಾಲನ್ನು ನೆಲದತ್ತ ತಿರುಗಿಸುವುದಕ್ಕಾಗಿ. ಪೀಪಲ್‌ಮೂವರ್ ಪಥಕ್ಕೆ ಅಂಥ ಓರೆ ಬೇಕಿರಲಿಲ್ಲ, ಆದ್ದರಿಂದ ಇರಲೂ ಇಲ್ಲ. ಈಗ ಓರೆ ಕೊಡಬೇಕೆಂದರೆ ತೊಲೆಗಳನ್ನು ಬದಲಿಸಿ, ಕಂಬಗಳು ಹೊಸ ಅಡ್ಡಬಲವನ್ನು ತಡೆದಾವೇ ಎಂದು ಮತ್ತೆ ಲೆಕ್ಕ ಹಾಕಬೇಕಿತ್ತು, ಮತ್ತು ಆ ಖರ್ಚಿಗೆ ಒಪ್ಪಿಗೆ ಸಿಗಲಿಲ್ಲ.

ಹೀಗಾಗಿ ಬಂಡಿಗಳು ನೇರ ಹಾದಿಯಲ್ಲಿ ಮುನ್ನುಗ್ಗಿ, ಪ್ರತಿ ತಿರುವಿಗೂ ಮುನ್ನ ಕಂಪ್ಯೂಟರಿನ ಆಣತಿಯಂತೆ ಬ್ರೇಕು ಹಾಕಿಕೊಂಡು, ತಿರುವು ದಾಟಿದೊಡನೆ ಮತ್ತೆ ನುಗ್ಗಬೇಕಾಯಿತು. ದಿನವಿಡೀ ಇದೇ ನಡೆದರೆ ಟೈರುಗಳ ಗತಿ ಏನಾಗುತ್ತದೆಂದು ಯಾವ ಮೆಕ್ಯಾನಿಕ್ ಆದರೂ ಹೇಳಬಲ್ಲ. ಟೈರುಗಳು ಬೇಗ ಸವೆದವು, ನಿಯಂತ್ರಣ ವ್ಯವಸ್ಥೆ ಪದೇ ಪದೇ ಕೈಕೊಟ್ಟಿತು. ಪಥ ಒಂದೇ ಆದ್ದರಿಂದ ಒಂದು ಬಂಡಿ ನಿಂತರೆ ಹಿಂದಿನವೆಲ್ಲ ನಿಲ್ಲಲೇಬೇಕು. ಪ್ರಯಾಣಿಕರಿಗೆ ದಕ್ಕುತ್ತಿದ್ದುದು ಮೂರು ನಿಮಿಷದ ಜಗ್ಗಾಟ, ಅದಕ್ಕಾಗಿ ಒಮ್ಮೊಮ್ಮೆ ಗಂಟೆಗೂ ಮೀರಿದ ಸರದಿ. ಹಳೆಯ ಪೀಪಲ್‌ಮೂವರ್ ಬಂಡಿಗಳು ನಿಲ್ಲುತ್ತಲೇ ಇರಲಿಲ್ಲ, ಜನ ತಿರುಗುವ ವೇದಿಕೆಯಿಂದಲೇ ಹತ್ತಿ ಇಳಿಯುತ್ತಿದ್ದರು ಎಂಬುದನ್ನು ನೆನೆದರೆ, ವೇಗ ಹೆಚ್ಚಿಸುವ ಭರದಲ್ಲಿ ಕಳೆದುಕೊಂಡದ್ದು ಎಷ್ಟೆಂದು ಅರಿವಾಗುತ್ತದೆ.

ತಂತ್ರಜ್ಞಾನವೇ ಕಾಲಕ್ಕಿಂತ ಮುಂದಿತ್ತು ಎಂಬ ಸಮಜಾಯಿಷಿಯನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಅದೇ ವರ್ಷಗಳಲ್ಲಿ ಫ್ಲಾರಿಡಾದಲ್ಲಿರುವ ಡಿಸ್ನಿಯದೇ ಉದ್ಯಾನ ಎಪ್ಕಾಟ್‌ನಲ್ಲಿ ನಿರ್ಮಾಣವಾದ ‘ಟೆಸ್ಟ್ ಟ್ರ್ಯಾಕ್’ ಸವಾರಿ ಕೂಡ ತಾಂತ್ರಿಕ ತೊಡಕುಗಳಿಂದ ಬಹಳ ತಡವಾಯಿತು. ಆದರೆ ಅದಕ್ಕೆಂದೇ ಕಟ್ಟಿದ ಪಥದ ಹೊರಸುತ್ತಿನ ತಿರುವನ್ನು ಕಡಿದಾಗಿ ಓರೆ ಮಾಡಿದ್ದರಿಂದ, ಅಲ್ಲಿ ಬಂಡಿಗಳು ಗಂಟೆಗೆ 100 ಕಿ.ಮೀ. ಮೀರಿ ಓಡಿದವು.

ರಾಕೆಟ್ ರಾಡ್ಸ್ 2000ದ ಸೆಪ್ಟೆಂಬರಿನಲ್ಲಿ ದುರಸ್ತಿಗೆಂದು ನಿಂತಿತು. ಮತ್ತೆ ತೆರೆಯುವುದಿಲ್ಲವೆಂದು ಮರುವರ್ಷ ಪ್ರಕಟಿಸಲಾಯಿತು. ಓರೆಯಿಲ್ಲದ ಆ ಪಥ ಮಾತ್ರ ಎರಡು ದಶಕ ಕಳೆದ ಮೇಲೂ ಕಂಬಗಳ ಮೇಲೆ ಬರಿದಾಗಿ ಉಳಿದುಕೊಂಡಿತ್ತು.