ದೇವರು ಮಾಡಿದನೋ, ಆಗಲು ಬಿಟ್ಟನೋ?

1755ರ ನವೆಂಬರ್ 1, ಶನಿವಾರ. ಪೋರ್ಚುಗಲ್‌ನ ಲಿಸ್ಬನ್ ನಗರದಲ್ಲಿ ಸಕಲ ಸಂತರ ಹಬ್ಬ. ಬೆಳಗ್ಗೆ ಒಂಬತ್ತೂವರೆ ದಾಟಿತ್ತು. ಇಗರ್ಜಿಗಳಲ್ಲಿ ಕಾಲಿಡಲು ಜಾಗವಿರಲಿಲ್ಲ, ಎಲ್ಲೆಲ್ಲೂ ಮೇಣದಬತ್ತಿ ಉರಿಯುತ್ತಿದ್ದವು. ಆಗಲೇ ನೆಲ ನಡುಗಿತು. ಪೂಜೆಗೆ ಬಂದವರ ತಲೆ ಮೇಲೇ ಚಾವಣಿ ಬಿತ್ತು. ಬಯಲಿದ್ದರೆ ಬದುಕಬಹುದೆಂದು ನದಿ ದಡಕ್ಕೆ ಓಡಿದವರನ್ನು ಸ್ವಲ್ಪ ಹೊತ್ತಿನಲ್ಲೇ ಸಮುದ್ರ ಬಂದು ಎಳೆದೊಯ್ದಿತು. ಉರುಳಿದ ಬತ್ತಿ, ಒಲೆಗಳಿಂದ ಹತ್ತಿದ ಬೆಂಕಿ ಐದಾರು ದಿನ ಆರಲಿಲ್ಲ. ಸತ್ತವರು ಹತ್ತಾರು ಸಾವಿರ. ಇಗರ್ಜಿಗಳು ಬಿದ್ದವು, ವೇಶ್ಯೆಯರ ಬೀದಿ ಉಳಿಯಿತು ಎಂಬ ಮಾತೂ ಹರಡಿತು.

ತಂದೆಯ ಚಿತ್ತವಿಲ್ಲದೆ ಒಂದು ಗುಬ್ಬಚ್ಚಿಯೂ ನೆಲಕ್ಕೆ ಬೀಳುವುದಿಲ್ಲ ಎಂದು ಸುವಾರ್ತೆ ಹೇಳುತ್ತದೆ. ಹಾಗಾದರೆ ಈ ಚಾವಣಿಗಳು?

ಪ್ರಶ್ನೆ ಮಾತ್ರ ತುಂಬಾ ಹಳೆಯದು. ಕೇಡನ್ನು ತಡೆಯಲು ದೇವರಿಗೆ ಮನಸ್ಸಿದ್ದು ಕೈಲಾಗದಿದ್ದರೆ ಅವನು ಸರ್ವಶಕ್ತನಲ್ಲ. ಕೈಲಾಗಿಯೂ ಮನಸ್ಸಿಲ್ಲದಿದ್ದರೆ ಒಳ್ಳೆಯವನಲ್ಲ. ಎರಡೂ ಇದ್ದರೆ ಕೇಡು ಬಂದದ್ದೆಲ್ಲಿಂದ? ನಾಲ್ಕನೇ ಶತಮಾನದ ಕ್ರೈಸ್ತ ಲೇಖಕ ಲ್ಯಾಕ್ಟಾಂಟಿಯಸ್ ಇದು ಗ್ರೀಕ್ ತತ್ವಜ್ಞಾನಿ ಎಪಿಕ್ಯೂರಸ್‌ನ ಪ್ರಶ್ನೆ ಎಂದು ಬರೆದಿಟ್ಟ.

ಒಳಿತಿಗೊಬ್ಬ, ಕೇಡಿಗೊಬ್ಬ ಎಂದು ಎರಡು ಶಕ್ತಿಗಳನ್ನು ಒಪ್ಪಿಕೊಂಡರೆ ಗೋಜೇ ಇಲ್ಲ. ಪರ್ಷಿಯಾದ ಮಾನಿ ಎಂಬವನ ಪಂಥದವರಾದ ಮಾನಿಕೇಯರು ಅದನ್ನೇ ಹೇಳುತ್ತಿದ್ದರು. ಮುಂದೆ ದೊಡ್ಡ ಕ್ರೈಸ್ತ ಚಿಂತಕನಾದ ಉತ್ತರ ಆಫ್ರಿಕಾದ ಅಗಸ್ಟೀನ್ ಹರೆಯದಲ್ಲಿ ಸುಮಾರು ಒಂಬತ್ತು ವರ್ಷ ಅವರ ಹಿಂದೆ ಅಲೆದ, ಆಮೇಲೆ ಬಿಟ್ಟ. ಕೇಡು ಒಂದು ವಸ್ತುವೇ ಅಲ್ಲ, ಒಳಿತು ಇಲ್ಲದಿರುವುದೇ ಕೇಡು ಎಂದ. ಕಣ್ಣಿಗೆ ಕುರುಡು ಹೇಗೋ ಹಾಗೆ. ಅದನ್ನು ದೇವರು ಸೃಷ್ಟಿಸಲಿಲ್ಲ, ಮನುಷ್ಯನ ಮನಸ್ಸು ದಾರಿ ತಪ್ಪಿ ತಂದುಕೊಂಡಿತು. ಹದಿನಾರರ ವಯಸ್ಸಿನಲ್ಲಿ ಗೆಳೆಯರ ಜೊತೆ ಪೇರುಹಣ್ಣು ಕದ್ದದ್ದನ್ನು ಅವನೇ ಬರೆದುಕೊಂಡಿದ್ದಾನೆ. ಹಸಿವಿರಲಿಲ್ಲ, ಹಣ್ಣು ಚೆನ್ನಾಗೂ ಇರಲಿಲ್ಲ. ಸುಮ್ನೆ ಕದ್ದು ಹಂದಿಗಳಿಗೆ ಎಸೆದರು. ಪೇರುಹಣ್ಣಿನ ಕಳ್ಳತನಕ್ಕೆ ಈ ಉತ್ತರ ಸರಿಹೋಗುತ್ತದೆ. ಕಲ್ಲಿನಡಿ ಸಿಕ್ಕ ಮಗುವಿಗೆ ಹೇಗೆ ಹೊಂದಿಸುವುದು ಅಂತ ನನಗಂತೂ ಗೊತ್ತಾಗುವುದಿಲ್ಲ.

ಅಲ್ಲಿಂದ ಮುಂದಿನ ಜಗಳವೆಲ್ಲ ಒಂದು ಕ್ರಿಯಾಪದದ ಮೇಲೆ. ದೇವರು ಕೇಡು ‘ಮಾಡುವುದಿಲ್ಲ’, ‘ಆಗಲು ಬಿಡುತ್ತಾನೆ’ ಎಂದು 13ನೇ ಶತಮಾನದ ಕ್ರೈಸ್ತ ಪಂಡಿತ ತಾಮಸ್ ಅಕ್ವಿನಾಸ್ ಹೇಳಿದ. ಇದು 16ನೇ ಶತಮಾನದ ಪ್ರೊಟೆಸ್ಟಂಟ್ ಸುಧಾರಕ ಕ್ಯಾಲ್ವಿನ್‌ಗೆ ನುಣುಚಿಕೊಳ್ಳುವ ಮಾತಾಗಿ ಕಂಡಿತು. ಬೈಬಲಿನ ಕಥೆಯಲ್ಲಿ ಸೈತಾನ ಪರೀಕ್ಷೆಗೊಡ್ಡಿದ ನೀತಿವಂತ ಯೋಬನ ಎತ್ತು, ಒಂಟೆಗಳನ್ನು ದೋಚಿದ್ದು ಶೆಬದವರು ಮತ್ತು ಕಸ್ದೀಯರು. ಆದರೂ ಯೋಬ ಹೇಳಿದ್ದೇನು? ‘ಯೆಹೋವನೇ ಕೊಟ್ಟನು, ಯೆಹೋವನೇ ತೆಗೆದುಕೊಂಡನು.’ ಅಂದರೆ ದೇವರು ಕೈಕಟ್ಟಿ ನೋಡುತ್ತಿರಲಿಲ್ಲ. ಒಂದೇ ಕೆಲಸದಲ್ಲಿ ಕಳ್ಳರ ಉದ್ದೇಶ ಬೇರೆ, ಸೈತಾನನದು ಬೇರೆ, ದೇವರದು ಬೇರೆ ಎಂಬುದು ಕ್ಯಾಲ್ವಿನ್‌ನ ವಾದ. ಕೇಳಲು ಕಠಿಣ. ಆದರೆ ಸಾರ್ವಭೌಮ ಅಂದ ಮೇಲೆ ಪೂರ್ತಿ ಸಾರ್ವಭೌಮ, ಅಲ್ವಾ? ಇದರ ಸುತ್ತಲಿನ ತಕರಾರು ತೀರಿಸಲು ನೆದರ್ಲೆಂಡ್ಸ್‌ನ ಡಾರ್ಟ್‌ನಲ್ಲಿ 1618-19ರಲ್ಲಿ ದೊಡ್ಡ ಸಭೆಯೇ ಸೇರಿ, ಮನುಷ್ಯನ ಆಯ್ಕೆಗೆ ಜಾಸ್ತಿ ಜಾಗ ಕೊಟ್ಟ ಅರ್ಮಿನಿಯಸ್‌ನ ಶಿಷ್ಯರನ್ನು ಹೊರಗಿಟ್ಟಿತು.

1710ರಲ್ಲಿ ಜರ್ಮನಿಯ ತತ್ವಜ್ಞಾನಿ ಲೈಬ್ನಿಟ್ಸ್ ಬೇರೆ ದಾರಿ ಹಿಡಿದ. ಸಾಧ್ಯವಿದ್ದ ಜಗತ್ತುಗಳಲ್ಲೆಲ್ಲ ದೇವರು ಆರಿಸಿದ್ದು ಇದ್ದುದರಲ್ಲಿ ಒಳ್ಳೆಯದನ್ನೇ ಎಂದ. ಯುರೋಪಿನ ಓದಿದ ಜನಕ್ಕೆ ಇದು ಹಿಡಿಸಿತು. ಲಿಸ್ಬನ್ ಬಿದ್ದದ್ದು ಈ ಸಮಾಧಾನದ ಮೇಲೆ.

ಫ್ರೆಂಚ್ ಲೇಖಕ ವೋಲ್ಟೇರ್ ತಕ್ಷಣ ಒಂದು ಸಿಟ್ಟಿನ ಪದ್ಯ ಬರೆದ. ಲಿಸ್ಬನ್‌ನಲ್ಲಿ ಪ್ಯಾರಿಸ್‌ಗಿಂತ ಹೆಚ್ಚು ಪಾಪ ಇತ್ತೇ ಎಂದು ಅದರಲ್ಲಿ ಕೇಳಿದ. ಚಿಂತಕ ರೂಸೋ 1756ರ ಆಗಸ್ಟ್‌ನಲ್ಲಿ ಅವನಿಗೆ ಕಾಗದ ಹಾಕಿದ: ಆರೇಳು ಅಂತಸ್ತಿನ ಇಪ್ಪತ್ತು ಸಾವಿರ ಮನೆಗಳನ್ನು ಒತ್ತೊತ್ತಾಗಿ ಕಟ್ಟಿದ್ದು ಪ್ರಕೃತಿಯಲ್ಲವಲ್ಲ. ಬಟ್ಟೆ, ಕಾಗದಪತ್ರ, ದುಡ್ಡು ತರಲು ಒಳಗೆ ಹೋಗಿ ಸತ್ತವರೆಷ್ಟು? ದೇವರ ಮೇಲಿದ್ದ ದೂರು ಹೀಗೆ ಮೇಸ್ತ್ರಿಗಳ ಕಡೆ ತಿರುಗಿತು.

ಲಿಸ್ಬನ್‌ನಲ್ಲೇ ಇದ್ದ ಜೆಸ್ಯೂಟ್ ಪಾದ್ರಿ ಗಾಬ್ರಿಯೆಲ್ ಮಲಗ್ರಿದಾ ಮಾತ್ರ ಅನುಮಾನಕ್ಕೆ ಎಡೆ ಬಿಡಲಿಲ್ಲ. ಧೂಮಕೇತುವಲ್ಲ, ಆವಿಯಲ್ಲ, ನಿಮ್ಮ ಪಾಪವೇ ಕಾರಣ ಎಂದು 1756ರಲ್ಲಿ ಕಿರುಪುಸ್ತಕ ಅಚ್ಚು ಹಾಕಿಸಿದ. ಗುಡಿಸಲು ಕಟ್ಟುವುದಕ್ಕಿಂತ ಪ್ರಾಯಶ್ಚಿತ್ತ ಮುಖ್ಯವೆಂದ. ಊರನ್ನು ಮತ್ತೆ ಎಬ್ಬಿಸುತ್ತಿದ್ದ ಮಂತ್ರಿ, ಮುಂದೆ ಪೊಂಬಾಲ್ ಎಂದು ಹೆಸರಾದವನು, ಅವನನ್ನು ಸೆತುಬಾಲ್‌ಗೆ ಓಡಿಸಿದ. ಮುಂದೆ ಬೇರೆ ಬರಹಗಳಿಗಾಗಿ ಧರ್ಮದ್ರೋಹದ ಆರೋಪ ಬಂತು. ಅಂಥ ಆರೋಪಗಳನ್ನು ವಿಚಾರಿಸುತ್ತಿದ್ದ ಧಾರ್ಮಿಕ ನ್ಯಾಯಾಲಯ ಇನ್‌ಕ್ವಿಸಿಷನ್‌ಗೆ ಆಗ ಮುಖ್ಯಸ್ಥ ಮಂತ್ರಿಯ ತಮ್ಮ. 1761ರ ಸೆಪ್ಟೆಂಬರ್‌ನಲ್ಲಿ 72ರ ಮುದುಕನನ್ನು ಕತ್ತು ಹಿಸುಕಿ ಕೊಂದು ಸುಟ್ಟರು. ಈ ಕೇಡಿಗೆ ಕಾರಣ ಹುಡುಕುವುದು ಕಷ್ಟವಿಲ್ಲ.

ವಾದ ಅಲ್ಲಿಗೆ ಮುಗಿಯಲಿಲ್ಲ. 1955ರಲ್ಲಿ ತತ್ವಜ್ಞಾನಿ ಜೆ.ಎಲ್. ಮ್ಯಾಕಿ ಹಳೆಯ ಪ್ರಶ್ನೆಯನ್ನು ತರ್ಕದ ಭಾಷೆಯಲ್ಲಿ ಮತ್ತೆ ಹೂಡಿದ. ಸ್ವಂತ ಇಚ್ಛೆಯುಳ್ಳ ಜೀವಿಗಳು ಬೇಕೆಂದರೆ ತಪ್ಪಿಗೂ ಅವಕಾಶ ಇರಲೇಬೇಕಾಗಬಹುದು ಎಂದು 1970ರ ದಶಕದಲ್ಲಿ ಅಮೆರಿಕದ ಕ್ರೈಸ್ತ ತತ್ವಜ್ಞಾನಿ ಆಲ್ವಿನ್ ಪ್ಲಾಂಟಿಂಗಾ ಉತ್ತರ ಕೊಟ್ಟ. ಭೂಕಂಪದ ಗತಿ? ಅದು ದಾರಿತಪ್ಪಿದ ಆತ್ಮಗಳ ಕೆಲಸವಾಗಿರುವುದು ತರ್ಕಕ್ಕೆ ಅಸಾಧ್ಯವಲ್ಲ ಎಂದ.

ಲಿಸ್ಬನ್‌ನ ಅದೇ ಮಂತ್ರಿಯ ಕಾಲದಲ್ಲಿ, 1756ರಲ್ಲಿ, ದೇಶದ ಇಗರ್ಜಿಗಳಿಗೆಲ್ಲ ಒಂದು ಪ್ರಶ್ನಾವಳಿ ಹೋಗಿತ್ತು. ಯಾಕೆ ಆಯಿತು ಎಂಬ ಪ್ರಶ್ನೆ ಅದರಲ್ಲಿಲ್ಲ. ಎಷ್ಟು ಗಂಟೆಗೆ ಶುರುವಾಯಿತು, ಎಷ್ಟು ಹೊತ್ತು ನಡುಗಿತು? ಸಮುದ್ರ ಮೊದಲು ಏರಿತೋ ಇಳಿಯಿತೋ, ಏರಿದ್ದು ಎಷ್ಟು ಗೇಣು? ನೆಲ ಬಿರುಕು ಬಿಟ್ಟಿತೇ? ಎಷ್ಟು ಜನ ಸತ್ತರು? ಉತ್ತರ ಬರೆದು ಕಳಿಸಿದವರು ಆಯಾ ಊರಿನ ಪಾದ್ರಿಗಳೇ. ಆ ಹಾಳೆಗಳು ಈಗಲೂ ಲಿಸ್ಬನ್‌ನ ರಾಷ್ಟ್ರೀಯ ಪತ್ರಾಗಾರದಲ್ಲಿವೆ.