ಜನರನ್ನು ಕೇಳಿಯೇ ಮಾಡಿದ್ದಲ್ವಾ, ಮತ್ಯಾಕೆ ಮೂಲೆ ಸೇರಿತು?

ಪ್ರಶ್ನೆ: ವಿದೇಶಿ ನೆರವಿನ ಯೋಜನೆಗಳನ್ನು ಈಗ ಊರಿನವರನ್ನು ಕೇಳಿಯೇ ಮಾಡುತ್ತಾರೆ. ಆದರೂ ಸಂಸ್ಥೆ ಹೋದ ಮೇಲೆ ಅವು ಯಾಕೆ ಉಳಿಯುವುದಿಲ್ಲ?

ಉತ್ತರ: ಮಂಗಳೂರಿನಲ್ಲಿ ಸಮಾಜಕಾರ್ಯ ಓದುವವರು ಪ್ರತಿ ವರ್ಷ ಇದನ್ನೇ ಕೇಳುತ್ತಾರೆ. ದುಡ್ಡಿನ ಗಡುವು, ದುರಸ್ತಿಗೆ ಹಣವಿಲ್ಲದ್ದು, ಇವೆಲ್ಲ ನಿಮಗೆ ಗೊತ್ತೇ ಇದೆ. ನನ್ನ ತಕರಾರು ಇರುವುದು ಆ 'ಕೇಳಿಯೇ' ಮೇಲೆ.

ಕೇಳಿದರೆ ಸಾಕು, ಜನ ಮನಸ್ಸಿನಲ್ಲಿದ್ದದ್ದನ್ನು ಹೇಳಿಬಿಡುತ್ತಾರೆ ಅಂತ ನಂಬಿದ್ದೀರಿ. ಇಲ್ಲ ಮಾರಾಯ್ರೆ. ಬಂದವರು ಏನು ಕೊಡಬಲ್ಲರು ಎಂದು ಜನ ಮೊದಲು ಅಳೆಯುತ್ತಾರೆ. ಜೀಪಿನ ಮೇಲೆ ನೀರಿನ ಯೋಜನೆಯ ಬೋರ್ಡಿದ್ದರೆ ಬೇಡಿಕೆಯೂ ನೀರೇ. ಕಾಲುಸಂಕ (ತೋಡು ದಾಟುವ ಕಿರುಸೇತುವೆ) ಬೇಕು ಎಂದು ಹೇಳಿ ಅವರನ್ನು ಬರಿಗೈಲಿ ವಾಪಸ್ ಕಳಿಸುವಷ್ಟು ದಡ್ಡರು ಯಾವ ಊರಲ್ಲೂ ಇಲ್ಲ. 1990ರ ದಶಕದಲ್ಲಿ ಬ್ರಿಟಿಷ್ ನೆರವಿನ ಕೃಷಿ ಯೋಜನೆಯೊಂದು ಪಶ್ಚಿಮ ಭಾರತದ ಭಿಲ್ ಹಳ್ಳಿಗಳಲ್ಲಿ ನಡೆಯಿತು. ಅದರಲ್ಲೇ ಕೆಲಸ ಮಾಡಿದ್ದ ಮಾನವಶಾಸ್ತ್ರಜ್ಞ ಡೇವಿಡ್ ಮಾಸ್ ಇದನ್ನು ವಿವರವಾಗಿ ಬರೆದಿದ್ದಾರೆ: ಯೋಜನೆ ಏನು ಕೊಡಬಹುದೋ ಅದೇ ಹಳ್ಳಿಯವರ ಅಗತ್ಯವಾಗಿ ವರದಿಗೆ ಬರುತ್ತಿತ್ತು.

ಇನ್ನು 'ಜನ' ಅಂದರೆ ಯಾರು? ಬೆಳಿಗ್ಗೆ ಸಭೆ ಇಟ್ಟರೆ ಮಲ್ಪೆಯ ಮೀನು ಮಾರುವ ಹೆಂಗಸರು ಬರಲಾರರು. ಬೀಡಿ ಕಟ್ಟುವವರಿಗೆ ಸಾವಿರ ಬೀಡಿಗೆ ಇಷ್ಟು ಅಂತ ಮಜೂರಿ. ಸಭೆಯಲ್ಲಿ ಸುಮ್ನೆ ಕೂತಷ್ಟೂ ಹೊತ್ತು ನಷ್ಟ. ಬಂದವರಾದರೂ ಮಾತಾಡುತ್ತಾರಾ? ಗುತ್ತಿನ ಮನೆಯವರು, ಅಂದರೆ ಊರಿನ ಹಳೆಯ ಜಮೀನ್ದಾರರು, ಒಂದು ಮಾತು ಆಡಿದ ಮೇಲೆ ಅವರ ಗೇಣಿದಾರರಾಗಿದ್ದ ಹಳೆಯ ಒಕ್ಕಲಿನವರು ಎದುರು ಹೇಳುವುದು ಅಪರೂಪ. 1974ರ ಭೂಸುಧಾರಣೆ ಒಕ್ಕಲಿನವರಿಗೆ ಜಮೀನು ಕೊಟ್ಟಿತು, ಆ ಹಿಂಜರಿಕೆಯನ್ನು ಪೂರ್ತಿ ತೆಗೆಯಲಿಲ್ಲ.

ಅಮೆರಿಕದ ನೀತಿ ತಜ್ಞೆ ಶೆರಿ ಆರ್ನ್‌ಸ್ಟೀನ್ 1969ರಲ್ಲೇ ಜನರ ಭಾಗವಹಿಸುವಿಕೆಯನ್ನು ಎಂಟು ಮೆಟ್ಟಿಲಿನ ಏಣಿಯಾಗಿ ತೋರಿಸಿದ್ದರು. ಅಭಿಪ್ರಾಯ ಕೇಳುವುದು ಕೆಳಗಿನಿಂದ ನಾಲ್ಕನೆಯದು. ತೀರ್ಮಾನದಲ್ಲಿ ಪಾಲು ಸಿಗುವುದು ಆರನೆಯದರಿಂದ. ನಮ್ಮ ಹೆಚ್ಚಿನ ಸಭೆಗಳು ನಾಲ್ಕರಲ್ಲೇ ನಿಂತು ಫೋಟೋ ತೆಗೆಸಿಕೊಳ್ಳುತ್ತವೆ. ಪರೀಕ್ಷೆಯಲ್ಲಿ ಏಣಿ ಚೆಂದ ಬಿಡಿಸುತ್ತೀರಿ, ಸಭೆಯಲ್ಲಿ ಮಾತ್ರ ಮರೆತುಬಿಡುತ್ತೀರಿ!

ಯಾರೂ ಕೇಳದ ಇನ್ನೊಂದು ಪ್ರಶ್ನೆ ಇದೆ. ಇಂಥ ಸಭೆಗಳಲ್ಲಿ ರಂಗೋಲಿ ಪುಡಿಯಲ್ಲಿ ಅಂಗಳದ ಮೇಲೆ ಊರಿನವರೇ ಬಿಡಿಸಿದ ಊರಿನ ನಕ್ಷೆ ಕೊನೆಗೆ ಎಲ್ಲಿಗೆ ಹೋಗುತ್ತದೆ? ಕಾಗದಕ್ಕೆ ಇಳಿಸಿಕೊಂಡು ಜೀಪಿನಲ್ಲಿ ಒಯ್ಯುತ್ತಾರೆ. ಊರಲ್ಲಿ ಪ್ರತಿಯೇ ಉಳಿಯುವುದಿಲ್ಲ. ಅದು ಪಂಚಾಯತಿಯಲ್ಲಿದ್ದರೆ ಗ್ರಾಮಸಭೆಯಲ್ಲಿ ಮುಂದಿಟ್ಟು ಲೆಕ್ಕ ಕೇಳಬಹುದು. ಗ್ರಾಮಸಭೆಗೆ 1993ರ ಕರ್ನಾಟಕ ಪಂಚಾಯತ್ ರಾಜ್ ಕಾಯ್ದೆಯ ಬಲ ಇದೆ, ಯೋಜನೆಯ ಹಾಗೆ ಮುಗಿಯುವ ತಾರೀಕು ಇಲ್ಲ. ಹಾಗಾಗಿ ನಕ್ಷೆ ಬಿಡಿಸುವ ಮೊದಲೇ ಕೇಳಿ: ಇದರ ಒಂದು ಪ್ರತಿ ಇಲ್ಲಿ ಯಾರ ಕೈಗೆ ಕೊಡುತ್ತೀರಿ?